ಬರಿಗಾಲಿನ ಅಪ್ಪಣೆ

‘ಇವತ್ತ ಹೇಳೂದು ಖರೇ ಕಥಿ. ಇದರಾಗ ಒಂದ ಮಾತ ಸುಳ್ಳ ಬಂತಂದ್ರ ಗುರುಸಿದ್ಧ ಸರ್ ಪಗಾರ ಬಂದ್!’ ಎಂದು ಗುರುಸಿದ್ಧ ತನ್ನ ಪ್ರಿನ್ಸಿಪಾಲರ ಮೂಗುದನಿಯಲ್ಲಿ ಘೋಷಿಸಿ, ಇಲ್ಲದ ಕನ್ನಡಕವನ್ನು ಅವರಂತೆಯೇ ಹಣೆಗೇರಿಸಿ, ಮತ್ತೆ ಅದನ್ನೇ ಹುಡುಕುತ್ತ ಮೇಜು ತಡವಿದಾಗ ತರಗತಿ ಬಿದ್ದುಬಿದ್ದು ನಕ್ಕಿತು. ನಗು ಇಳಿಯುವ ಮೊದಲೇ ಅವನು ಹಲಗೆಯ ಕಡೆ ತಿರುಗಿ ನಡುವೆ ಗೆರೆ ಎಳೆದ. ಎಡಕ್ಕೆ ಸೈಕೋಪಾತ್, ಬಲಕ್ಕೆ ಸೋಶಿಯೋಪಾತ್. ಸೊಲ್ಲಾಪುರದ ಈ ಕಾಲೇಜಿನಲ್ಲಿ ಅವನು ಮನಶ್ಶಾಸ್ತ್ರ ಕಲಿಸುತ್ತಿದ್ದುದು ಮರಾಠಿಯಲ್ಲಿ. ಆದರೆ ಹಿಂದಿನ ಬೆಂಚುಗಳ ತುಂಬ ಅಕ್ಕಲಕೋಟೆ ಕಡೆಯ ಹಳ್ಳಿಗಳ ಮಕ್ಕಳೇ ಇದ್ದುದರಿಂದ ಮರಾಠಿಯಲ್ಲಿ ಹೊರಟ ವಾಕ್ಯ ಎಲ್ಲೋ ನಡುವೆ ಬಸ್ಸು ಬದಲಿಸಿ ಕನ್ನಡದಲ್ಲಿ ಬಂದು ಇಳಿಯುತ್ತಿತ್ತು. ‘ಡಾಕ್ಟರ ಮಂದಿಯ ದೊಡ್ಡ ಪುಸ್ತಕದಾಗ ಈ ಎರಡೂ ಹೆಸರ ಇಲ್ಲ. ಅಲ್ಲಿ ಇಬ್ಬರನ್ನೂ ಒಂದ ದಡ್ಡಿಯೊಳಗ ಹಾಕಿ, ಸಮಾಜವಿರೋಧಿ ವ್ಯಕ್ತಿತ್ವ ಅಂತ ಬಾಗಲಾ ಹಾಕ್ಯಾರ. ಆದ್ರ ಕುರಿ ಕಾಯಾವ್ರ ಮಕ್ಕಳು ನಾವು, ದಡ್ಡಿಯೊಳಗ ಇಳದ ನೋಡೂಣು.’ ಇಬ್ಬರೂ ಸಲೀಸಾಗಿ ಸುಳ್ಳು ಹೇಳುತ್ತಾರೆ, ಇಬ್ಬರಿಗೂ ಕಂಡವರ ನೋವು ಗೋಡೆಯಾಚೆಗಿನ ರೇಡಿಯೋದಂತೆ, ಮಾಡಿದ್ದು ತಪ್ಪೆಂದು ಇಬ್ಬರ ನಿದ್ದೆಯೂ ಕೆಡುವುದಿಲ್ಲ. ಇಷ್ಟು ಸಾಮ್ಯ. ವ್ಯತ್ಯಾಸವೆಂದರೆ, ಎಡಗಡೆಯವನು ಹುಟ್ಟುತ್ತಲೇ ಹಾಗೆ ಎನ್ನುತ್ತಾರೆ. ತಣ್ಣಗಿರುತ್ತಾನೆ, ಲೆಕ್ಕ ಹಾಕಿ ಮಾಡುತ್ತಾನೆ, ಪ್ರೀತಿಯ ನಟನೆ ಅವನಿಗೆ ಪ್ರೀತಿಸುವವರಿಗಿಂತ ಚೆನ್ನಾಗಿ ಬರುತ್ತದೆ. ಬಲಗಡೆಯವನನ್ನು ಮನೆ, ಬಡಿತ, ಬೀದಿ ಸೇರಿ ಮಾಡಿರುತ್ತವೆ. ಸಿಡುಕ, ಮಾಡಿ ಸಿಕ್ಕಿಬೀಳುತ್ತಾನೆ, ಆದರೆ ಯಾರೋ ಒಬ್ಬಿಬ್ಬರ ಮೇಲೆ ಅವನಿಗೆ ಜೀವ ಇರಬಹುದು, ಅವರಿಗೆ ಪೆಟ್ಟಾದರೆ ಎಲ್ಲೋ ಸ್ವಲ್ಪ ಚುಚ್ಚಲೂಬಹುದು. ‘ಒಬ್ಬಾಂವ ಹುಟ್ಟಿದ ಕಲ್ಲ, ಒಬ್ಬಾಂವ ಸುಟ್ಟ ಇಟ್ಟಂಗಿ. ತಲಿ ಮ್ಯಾಲ ಬಿದ್ರ ಎರಡೂ ಅಷ್ಟ,’ ಎಂದಾಗ ಹುಡುಗರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಪ್ರಾಜಕ್ತಾ ಮಾತ್ರ ಬರೆಯುವುದನ್ನು ನಿಲ್ಲಿಸಿ, ‘ಸರ್, ತಾ ಅಂಥಾಂವ ಅಂತ ಅವಂಗ ಗೊತ್ತಿರತದೇನ್ರಿ?’ ಎಂದಳು. ಆ ಪ್ರಶ್ನೆಗೆ ಯಾರ ದನಿಯಲ್ಲಿ ಉತ್ತರಿಸಬೇಕೆಂದು ಗುರುಸಿದ್ಧನಿಗೆ ತಕ್ಷಣ ಹೊಳೆಯಲಿಲ್ಲ. ಕಿಸೆಯಲ್ಲಿ ಫೋನು ಬೆಳಗಿನಿಂದ ಬಿಟ್ಟುಬಿಟ್ಟು ನಡುಗುತ್ತಲೇ ಇತ್ತು. ಅದು ವೈನಿಯದೆಂದು, ಅತ್ತಿಗೆಯದೆಂದು, ನೋಡದೆಯೂ ಗೊತ್ತಿದ್ದುದರಿಂದ ಅವನು ನೋಡಿರಲಿಲ್ಲ. ಈಗ ಅದೇ ನೆಪವಾಯಿತು. ‘ಥಾಂಬಾ ಹಂ, ಒಂದ ನಿಮಿಷ,’ ಎಂದು ಬೆರಳೆತ್ತಿ ಹೊರಗೆ ಬಂದ.

‘ಎಷ್ಟ ಸಲ ಹಚ್ಚಬೇಕೋ ನಿನಗ? ನಿಮ್ಮಣ್ಣನ್ನ ಸೊಲ್ಲಾಪುರ ದವಾಖಾನಿಗಿ ತಂದೀವಿ,’ ಎಂದಳು ಹಣಮವ್ವ. ಅಣ್ಣ ಅಮೋಗಸಿದ್ಧನ ಹೆಂಡತಿ, ಹನ್ನೂರಿನ ಮನೆಯಲ್ಲಿ ಇವನಿಗೆ ರೊಟ್ಟಿ ಬಡಿದು ಹಾಕಿ ಕಾಲೇಜಿಗೆ ಕಳಿಸಿದವಳು. ಅವಳ ಮಾತಿನಲ್ಲಿ ಯಾವಾಗಲೂ ಹಿಟ್ಟು ತಟ್ಟುವ ಒಂದು ತಾಳವಿರುತ್ತಿತ್ತು, ಇಂದು ಅದು ತಪ್ಪಿತ್ತು. ‘ಬಲಗಾಲ ಕರ್ರಗ ಆಗೇತೋ ತಮ್ಮಾ. ಅಕ್ಕಲಕೋಟಿ ಡಾಕ್ಟರ ನೋಡಿ, ಮೈಯಾಗ ಸಕ್ರಿ ಐತಿ, ಇದು ನನ್ನ ಕೈಲೆ ಆಗೂದಲ್ಲ ಅಂದಾನ. ಇಲ್ಲ್ಯಾಂವ ಇವತ್ತ ಪಾದ ತಗೀಬೇಕು, ಇಲ್ಲಂದ್ರ ವಿಷ ಮ್ಯಾಲ ಏರತೈತಿ, ಮನಷ್ಯಾ ಉಳಿಯೂದಿಲ್ಲ ಅಂತಾನ. ಇಂವಾ ಒಲ್ಲೆ ಅಂತ ಕುಂತಾನ. ಕಾಲ ದೇವರದಂತ. ನೀ ಕಲತಾಂವ ಅದಿ, ಬಂದ ಹೇಳು. ಲೌಕರ ಬಾ, ತಡಾ ಮಾಡಬ್ಯಾಡ.’ ಅವನು ಬರುತ್ತೇನೆ ಎಂದ. ಫೋನು ಕಿಸೆಗೆ ಹಾಕಿದ. ವರಾಂಡದ ಆ ತುದಿಯಲ್ಲಿ ಯಾರೋ ಗಂಟೆ ಬಾರಿಸಿದರು. ತಾನು ಈಗ ಬೆಚ್ಚಬೇಕು, ಎದೆ ಹೊಡೆದುಕೊಳ್ಳಬೇಕು ಎಂದುಕೊಂಡು ಅವನು ಎರಡು ಬೆರಳನ್ನು ಇನ್ನೊಂದು ಕೈಯ ನಾಡಿಯ ಮೇಲಿಟ್ಟ. ನಾಡಿ ಪಾಠ ಮಾಡುವಾಗ ಇದ್ದಂತೆಯೇ ಇತ್ತು. ಕಲ್ಲೋ, ಇಟ್ಟಂಗಿಯೋ? ಈ ತಮಾಷೆ ತನಗೇ ತಟ್ಟನೆ ಹೊಳೆದದ್ದಕ್ಕೆ ಒಂದು ಕ್ಷಣ ಖುಷಿಯಾಯಿತು, ಆ ಖುಷಿಯನ್ನು ಕಂಡು ಮೊದಲ ಬಾರಿಗೆ ಸ್ವಲ್ಪ ಹೆದರಿಕೆಯಾಯಿತು.

ಆ ಕಾಲನ್ನು ಕಪ್ಪಾಗಿಸಿದವನು ತಾನು. ಅದನ್ನು ಅವನ ಹೊರತು ಬಲ್ಲವನು ಇಂಗ್ಲಿಷ್ ಪಾಠ ಹೇಳುವ ಶೈಲೇಶನೊಬ್ಬ, ಅವನೂ ಅಂದಿನ ಚಹಾದೊಂದಿಗೆ ಮರೆತಿರಬೇಕು. ಶ್ರಾವಣದ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಭಜಿ ತಿನ್ನುತ್ತಿದ್ದಾಗ ಶೈಲೇಶ, ‘ಅರೇ, ನಿಮ್ಮಣ್ಣಗ ಹಚ್ಚಿ ನಿಮ್ಮಪ್ಪನ ದನಿ ತಗೀರಿ ಒಮ್ಮೆ, ದೇವ್ರ ಬಂದಾಗಿಂದು,’ ಎಂದು ತನ್ನ ಫೋನನ್ನೇ ಮುಂದೆ ಒಡ್ಡಿದ್ದ. ಅಪ್ಪ ಕುರಿಗಾರರ ದೇವರು ಬೀರೋಬನ ಪೂಜಾರಿ. ಅಮಾವಾಸ್ಯೆಗೆ ಡೊಳ್ಳು ಬಿದ್ದಿತೆಂದರೆ ಹಣೆತುಂಬ ಭಂಡಾರದ ಅರಿಶಿನ ಮೆತ್ತಿಕೊಂಡ ಅಪ್ಪನ ಮೈಮೇಲೆ ದೇವರು ಬರುತ್ತಿದ್ದ. ಹೊಟ್ಟೆಯ ತಳದಿಂದ ಕಲ್ಲು ಉರುಳಿದಂಥ ದನಿಯೊಂದು ಏಳುತ್ತಿತ್ತು, ನಡುವೆ ಒಂದು ಕೆಮ್ಮು, ಕೆಮ್ಮಿನ ಆಚೆ ಒಂದು ಮೌನ, ಆಮೇಲೆ ಹೇಳಿಕೆ. ಯಾರ ಮನೆಯಲ್ಲಿ ಯಾವ ಹಬ್ಬ ನಿಂತಿದೆ, ಮಳೆ ಯಾವ ಕಡೆಯಿಂದ, ಯಾರು ಯಾರಿಗೆ ಏನು ಹರಕೆ ಉಳಿಸಿಕೊಂಡಿದ್ದಾರೆ. ಆ ದನಿಯನ್ನು ಗುರುಸಿದ್ಧ ಸಣ್ಣವನಿದ್ದಾಗಲೇ ಕದ್ದಿದ್ದ. ಅಪ್ಪನಿಗೇ ಅದು ತಮಾಷೆಯಾಗಿತ್ತು. ನೆಂಟರು ಬಂದಾಗ ಕೂಗಿ ಕರೆದು, ‘ಮಾಡಲೇ ನನ್ಹಂಗ,’ ಎಂದು ಬೆಲ್ಲದ ಚೂರು ಕೊಡುತ್ತಿದ್ದ. ಅಣ್ಣ ದೂರದಲ್ಲಿ ಕುರಿಯ ಕಾಲಿನ ಗಾಯಕ್ಕೆ ಎಣ್ಣೆ ಹಚ್ಚುತ್ತ, ದೇವರ ದನಿ ಕೇಳಿದಾಕ್ಷಣ, ಅದು ತಮ್ಮನದೆಂದು ಗೊತ್ತಿದ್ದೂ, ಕೈ ಜೋಡಿಸಿಬಿಡುತ್ತಿದ್ದ. ಅಪ್ಪ ಸತ್ತ ಮೇಲೆ ಹೇಳಿಕೆ ನಿಂತಿತು. ಹಿರಿಯ ಮಗನ ಮೈಮೇಲೆ ದೇವರು ಬರಬೇಕು, ಅದು ಅವರಲ್ಲಿ ನಡೆದುಬಂದದ್ದು. ಅಮೋಗಸಿದ್ಧ ಭಂಡಾರ ಹಚ್ಚಿಕೊಂಡು ಡೊಳ್ಳಿನ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಬೆವರುತ್ತಿದ್ದ, ಬಾರಿಸುವವರ ತೋಳು ಸೋಲುವವರೆಗೂ ನಿಂತು ಕೊನೆಗೆ ಕಣ್ಣು ತೆರೆದು, ‘ಬರಲಿಲ್ರೆಪ್ಪಾ,’ ಎನ್ನುತ್ತಿದ್ದ. ಎಷ್ಟು ವರ್ಷ ಹಾಗೆ ನಿಂತ! ಒಂದಿಷ್ಟು ಮೈ ನಡುಗಿಸಿ ಏನಾದರೂ ಗೊಣಗಿದ್ದರೆ ಊರು ನಂಬುತ್ತಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲ. ಊರ ಕಟ್ಟೆಯ ಮೇಲೆ ಜನ ಸರಿದು ಜಾಗ ಕೊಡುವುದನ್ನು ನಿಲ್ಲಿಸಿದರು, ಅದೂ ಅವನಿಗೆ ಸರಿಯೆಂದೇ ಕಂಡಿತು.

ಫೋನು ಎತ್ತಿದಾಗ ಅಣ್ಣ ಕುರಿ ಹೊಡೆದುಕೊಂಡು ಬೋರಾಮಣಿಯ ಹುಲ್ಲುಗಾವಲಿನ ಮಾಳದ ಮೇಲಿದ್ದ. ಗಾಳಿ ಕೇಳುತ್ತಿತ್ತು. ‘ಅಮೋಗ್ಯಾ,’ ಎಂದ ಗುರುಸಿದ್ಧ, ಭಜಿಯ ಎಣ್ಣೆ ಇನ್ನೂ ತುಟಿಯ ಮೇಲಿರುವಂತೆಯೇ, ಹೊಟ್ಟೆಯ ತಳದಿಂದ. ಆಮೇಲೆ ಕೆಮ್ಮು. ಆಮೇಲೆ ಮೌನ. ‘ನನ್ನ ಮಾಳದ ಮ್ಯಾಲ ಕೆರವು ಮೆಟ್ಟಿ ತಿರಗತಿಯಾ? ಅದಕ್ಕ ನಾ ನಿನ್ನ ಕಡೆ ಬರವಲ್ಲೆ.’ ಇದು ಬಾಯಿಗೆ ಬಂದದ್ದು, ಮುಂಚೆ ಯೋಚಿಸಿದ್ದಲ್ಲ. ಸ್ಪೀಕರಿನಲ್ಲಿ ಗಾಳಿ ಮಾತ್ರ. ಅನಂತರ, ಒಂದರ ಹಿಂದೊಂದು, ಎರಡು ಸಣ್ಣ ಸಪ್ಪಳ. ಕಾಲಿನ ಕೆರವುಗಳು ನೆಲಕ್ಕೆ ಬಿದ್ದ ಸಪ್ಪಳ. ‘ಬಿಟ್ಟೆ ಯಪ್ಪಾ. ಬಿಟ್ಟೆ,’ ಎಂಬ ದನಿ. ಶೈಲೇಶ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕುರ್ಚಿಯಿಂದ ಜಾರಿದ. ಮತ್ತೆ ಫೋನು ಮಾಡಿ, ಯಣ್ಣಾ ನಾನೋ, ಎಂದು ಹೇಳುವುದು ಉಳಿದಿತ್ತು, ಅಷ್ಟರಲ್ಲಿ ಗಂಟೆಯಾಯಿತು. ಗುರುತಿಲ್ಲದ ನಂಬರಿಗೆ ಅಣ್ಣನೂ ತಿರುಗಿ ಮಾಡಲಿಲ್ಲ. ದೇವರಿಗೆ ತಿರುಗಿ ಫೋನು ಮಾಡುವ ರೂಢಿ ಇಲ್ಲ. ನಾಳೆ ಹೇಳಿದರಾಯಿತು. ನಾಳೆಗೆ ಆ ತಮಾಷೆಗೆ ಇನ್ನಷ್ಟು ರುಚಿ ಬಂದಿರುತ್ತದೆ. ದಸರೆಗೆ ಊರಿಗೆ ಹೋದಾಗಲಾದರೂ ಹೇಳಬಹುದಿತ್ತು. ಅಣ್ಣ ಬರಿಗಾಲಲ್ಲಿ ಅಂಗಳದ ತುಂಬ ಓಡಾಡುತ್ತಿದ್ದ, ಕತ್ತು ಮೊದಲಿಗಿಂತ ನೆಟ್ಟಗಿತ್ತು. ಬನ್ನಿ ಕೊಡುವಾಗ ಕಿವಿಯಲ್ಲಿ, ‘ಅಂವಾ ಮಾತಾಡ್ಯಾನೋ ಗುರಸಿದ್ದಾ,’ ಎಂದ. ‘ಈಗ ಜಾಲಿ ಮುಳ್ಳ ಮುರದ್ರೂ ನೋಯೂದಿಲ್ಲ, ನೋಡು. ಪವಾಡ.’ ಬಗ್ಗಿ ತೋರಿಸಿದ ಅಂಗಾಲಿನಲ್ಲಿ ಮುರಿದ ಮುಳ್ಳಿನ ತುದಿ ಕಪ್ಪಗೆ ಕೂತಿತ್ತು. ಗುರುಸಿದ್ಧ ಅದನ್ನು ಕಿತ್ತು ಬಿಸಾಡಿದ. ಅಣ್ಣ ಮುಖ ಕಿವುಚಲಿಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದುಹಾಕುತ್ತದೆ ಎಂಬುದನ್ನು ಅವನು ಓದಿದ್ದ, ಓದಿದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ಅಥವಾ ನೆನಪಾಗಿತ್ತೇ? ನೆನಪಾಗಿಯೂ, ತಾನು ಒಂದೇ ಒಂದು ಸಲ ನೂಕಿ ಬಿಟ್ಟ ಬಂಡಿ ತಾನೇ ಇಷ್ಟು ದೂರ ಉರುಳಿ ಬಂದಿರುವ ಚೆಂದವನ್ನು ನಿಂತು ನೋಡುತ್ತಿದ್ದನೇ?

ನವಿ ಪೇಠದಲ್ಲಿ ಅವನು ರಿಕ್ಷಾ ಬಿಟ್ಟು ಇಳಿದ. ದವಾಖಾನೆ ಇನ್ನೂ ಮುಂದಿತ್ತು. ಬರಿಗೈಯಲ್ಲಿ ಹೋಗಬಾರದು ಎಂಬುದು ನೆಪ. ಅಂಗಡಿಗಳ ಮುಂದೆ ಚಾದರಗಳು ನೇತಾಡುತ್ತಿದ್ದವು, ಒಬ್ಬ ಮಾರುವವನು ‘ಯಾ ಯಾ ಸರ್, ಬಸಾ’ ಎಂದು ಸ್ಟೂಲು ಒರೆಸಿದ. ಆ ‘ಬಸಾ’ದ ಕೊನೆಯಲ್ಲಿ ಒಂದು ಎಳೆತವಿತ್ತು, ಗಿರಾಕಿಯನ್ನು ಕೈಹಿಡಿದು ಕೂರಿಸುವಂಥದು, ಗುರುಸಿದ್ಧನ ನಾಲಿಗೆ ಬಾಯೊಳಗೇ ಅದನ್ನು ತೆಗೆದು ನೋಡಿತು. ಅಣ್ಣನ ಕಾಲು ಕತ್ತರಿಸುವ ಹೊತ್ತಿನಲ್ಲಿ! ಹೆಂಡತಿ ಸೋನಾಲಿ ಇದನ್ನೇ ಹೇಳುತ್ತಿದ್ದುದು. ಅವಳ ಅವ್ವ ತೀರಿಕೊಂಡ ಮೇಲೆ, ಮಾತಾಡಿಸಲು ಬಂದವರೆಲ್ಲ ಹೋಗಿ ಮನೆ ಖಾಲಿಯಾದಾಗ, ಅಡುಗೆಮನೆಯಲ್ಲಿ ಅವನು ಬಂದವರ ಅಳುವನ್ನು ಒಂದೊಂದಾಗಿ ಮಾಡಿ ತೋರಿಸಿದ್ದ: ನಡುನಡುವೆ ಸೆರಗಿನ ಸಂದಿಯಿಂದ ಚಹಾ ಬಂತೇ ಎಂದು ನೋಡುವ ನೆರೆಮನೆಯ ಶಾರದಾಬಾಯಿಯ ಅಳು, ಮರಾಠಿಯಲ್ಲಿ ಶುರುವಾಗಿ ಕನ್ನಡಕ್ಕೆ ಬಂದು ದಮ್ಮು ಹತ್ತುವ ಅವಳ ಸೋದರತ್ತೆಯ ಅಳು. ಸೋನಾಲಿ ತಡೆಯಲಾರದೆ ನಕ್ಕಳು, ಹೊಟ್ಟೆ ಹಿಡಿದು ನಕ್ಕಳು, ಮತ್ತೆ ಹೆಂಡತಿ ನಕ್ಕಳೆಂಬ ಹುರುಪಿನಲ್ಲಿ ಅವನು ಸೋನಾಲಿಯದೇ ಅಳುವನ್ನು ತೆಗೆದ. ಅವಳ ಮುಖ ಬಟ್ಟೆ ಹಿಂಡಿದಂತೆ ಆಯಿತು. ‘ನಿನಗ ಏನೂ ಆಗೂದಿಲ್ಲೇನು? ಒಳಗ ಏನೂ?’ ಎಂದು ಕೇಳಿದಳು. ಬೈದಿದ್ದರೆ ಬೈಗುಳವನ್ನು ಹಿಡಿದು ತಿರುಗಿಸಬಹುದಿತ್ತು. ಅದು ಪ್ರಶ್ನೆಯಾಗಿತ್ತು, ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದು. ಅಂದಿನಿಂದ ಅವಳು ಅವನ ಮುಂದೆ ಅತ್ತಿಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಾಳೆ, ಅಳುವನ್ನು ಕಳ್ಳನಿಂದ ಮುಚ್ಚಿಡುವ ಹಾಗೆ. ಅವನು ಒಂದು ಚಾದರ ಕೊಂಡ. ಅದು ಎಷ್ಟು ದೊಡ್ಡದೆಂದು ಮಾರುವವನು ಬಿಚ್ಚಿ ತೋರಿಸಿ, ‘ಪಾಯಾಪರ್ಯಂತ ಯೇತೇ,’ ಎಂದ, ಪಾದದವರೆಗೂ ಬರುತ್ತದೆ. ಗುರುಸಿದ್ಧ ಮಡಚಿಸಿಕೊಂಡು ಹೊರಬಿದ್ದ.

ವಾರ್ಡಿನ ಬಾಗಿಲಿನ ಹೊರಗೆ ಇಳಿಜಾರಿನ ದಾರಿಯ ತಿರುವಿನಲ್ಲಿ ಹಣಮವ್ವ ನಿಂತಿದ್ದಳು. ಜೊತೆಗೆ ಎಳೆಯ ಡಾಕ್ಟರು. ಅವರು ಮರಾಠಿಯಲ್ಲಿ, ದಣಿದ ಸಹನೆಯಿಂದ ಹೇಳಿದರು: ಪಾದಕ್ಕೆ ಸ್ಪರ್ಶವೇ ಇರಲಿಲ್ಲ, ಆದ್ದರಿಂದ ಮುಳ್ಳು ಕಲ್ಲು ಏನೂ ಗೊತ್ತಾಗಿಲ್ಲ, ಚಪ್ಪಲಿ ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ, ಈಗ ಸಂಜೆಯೊಳಗೆ ಒಪ್ಪಬೇಕು. ‘ಚಪ್ಪಲ ಯಾಕ ಬಿಟ್ಟಿದ್ರು ಇವರು?’ ಎಂದು ಅವರು ಗುರುಸಿದ್ಧನನ್ನೇ ಕೇಳಿದರು, ಕಲಿತವನಂತೆ ಕಂಡದ್ದರಿಂದ. ‘ಶ್ರದ್ಧಾ,’ ಎಂದ ಅವನು. ಡಾಕ್ಟರು ತಲೆ ಅಲ್ಲಾಡಿಸಿ ಅವನ ಜೊತೆ ಗುಟ್ಟು ಹಂಚಿಕೊಳ್ಳುವವರಂತೆ ಸಣ್ಣಗೆ ನಕ್ಕರು, ಅವನೂ ನಕ್ಕ. ಆ ನಗೆಯನ್ನು ಹಣಮವ್ವ ನೋಡಿದಳು. ತಿರುಗಿ ವಾರ್ಡಿನೊಳಗೆ ನಡೆದಳು.

ಅಮೋಗಸಿದ್ಧ ಮಂಚದ ಮೇಲೆ ದಿಂಬಿಗೆ ಒರಗಿ, ತಲೆಯ ಪಟಕವನ್ನು ಬಿಚ್ಚದೆ, ಊರಲ್ಲಿ ಪಂಚಾಯಿತಿಗೆ ಕೂತವನ ಹಾಗೆ ಕೂತಿದ್ದ. ಜ್ವರದಿಂದ ಕಣ್ಣು ಹೊಳೆಯುತ್ತಿದ್ದವು. ಕಾಲಿಗೆ ಸುತ್ತಿದ ಬಟ್ಟೆಯ ಕೆಳಗಿನಿಂದ ವಾಸನೆ ಬರುತ್ತಿತ್ತು, ಹಟ್ಟಿಯಲ್ಲಿ ಹುಳಬಿದ್ದ ಕುರಿಯ ಗಾಯದ ವಾಸನೆ, ಅದನ್ನು ಇಬ್ಬರೂ ಬಲ್ಲರು. ‘ಬಾರೋ ಮಾಸ್ತರಾ,’ ಎಂದ ಅಣ್ಣ. ‘ಇವರೆಲ್ಲಾ ಕೂಡಿ ನನ್ನ ಕಾಲಿಗೆ ಗಿರಾಕಿ ಆಗ್ಯಾರ ನೋಡು.’

‘ಯಣ್ಣಾ, ಡಾಕ್ಟರ ಹೇಳೂದು ಖರೇ ಐತಿ. ಕೇಳು.’

‘ಅಂವ ಡಾಕ್ಟರ. ಅಂವಗ ಕಾಲ ಅಷ್ಟ ಕಾಣತೈತಿ.’

‘ಕುರಿಗಿ ಹುಳಾ ಬಿದ್ರ ನೀನ ಕೊಯ್ದ ತಗೀತಿದ್ದಿ ಇಲ್ಲೋ?’

‘ಕುರಿ ಜೋಡಿ ಬೀರೋಬ ಮಾತಾಡಿರಲಿಲ್ಲೋ ತಮ್ಮಾ.’ ಅಮೋಗಸಿದ್ಧ ದನಿ ತಗ್ಗಿಸಿದ. ‘ಅಪ್ಪ ಹೋದ ಮ್ಯಾಲ ಎಷ್ಟ ನಿಂತಿದ್ನಿ ಡೊಳ್ಳಿನ ಮುಂದ, ನೀ ನೋಡೀದಿ. ಬರಲಿಲ್ಲ. ಕಡೀಕ ಕೆರವು ಬಿಡು ಅಂತ ಒಂದ ಮಾತ ಹೇಳ್ಯಾನ. ಒಂದ. ಅದ ಕಾಲ ಈಗ ಕಡೀರಿ ಅಂತ ನಾ ಹ್ಯಾಂಗ ಅನ್ನಲಿ? ಬಿಡಂದಾಂವ ಅಂವಾ, ಕಡಿ ಅಂದ್ರೂ ಅಂವನ ಅನ್ನಲಿ. ನಿನ್ನ ಮಾತಿಂದ ಆಗೂದಲ್ಲ ಇದು.’

ಈಗ ಹೇಳಬೇಕಿತ್ತು. ಯಣ್ಣಾ, ಆ ಮಾತೂ ನಂದೇ. ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು, ಗುರುಸಿದ್ಧ ಬಾಯಿ ತೆರೆದೂ ತೆರೆದ, ಅಣ್ಣನ ಮುಖ ನೋಡಿದ. ಆ ಮುಖದಲ್ಲಿ ಜ್ವರದ ಹಿಂದೆ ಒಂದು ಸೊಕ್ಕಿತ್ತು, ಹುಟ್ಟಿದಾಗಿನಿಂದ ಅವನು ಅಲ್ಲಿ ಕಂಡಿರದಂಥ ಸೊಕ್ಕು, ಕಂಬಳಿ ಹೊದ್ದು ಮೂಲೆಯಲ್ಲಿ ಕೂರುವ ಮನುಷ್ಯನೊಬ್ಬ ಕೊನೆಗೂ ಆಯ್ಕೆಯಾದ ಸೊಕ್ಕು. ಅದನ್ನು ಕಿತ್ತುಕೊಳ್ಳಲು ಅವನಿಗೆ ಆಗಲಿಲ್ಲ. ಆಗಲಿಲ್ಲವೆಂಬುದು ಕರುಣೆಯೆ? ಕರುಣೆಯೆಂದರೆ ಹೀಗೆ ಇರುತ್ತದೆಯೆ, ಹೊಕ್ಕುಳಲ್ಲಿ ಒಂದು ಚಳಿಯ ಹಾಗೆ? ಅಥವಾ ವೈನಿಯ ಕಣ್ಣನ್ನು, ಊರನ್ನು, ನಾಳೆ ಸೋನಾಲಿ ಕೇಳಿದಾಗ ಅವಳು ಬಾಗಿಲು ಹಾಕಿಕೊಳ್ಳುವ ಸದ್ದನ್ನು ನೆನೆದು ಹೇಡಿತನ ಕರುಣೆಯ ದನಿಯಲ್ಲಿ ಮಾತಾಡುತ್ತಿದೆಯೆ? ಹೇಡಿತನ ಕೂಡ ಮಿಮಿಕ್ರಿ ಬಲ್ಲದು. ಎರಡು ದಾರಿಗಳಿದ್ದವು. ನಿಜ ಹೇಳಿದರೆ ಅಣ್ಣ ಕಾಲು ಕೊಟ್ಟಾನು, ಅದರ ಜೊತೆ ಉಳಿದದ್ದೆಲ್ಲವನ್ನೂ ಕಳೆದುಕೊಂಡಾನು. ದೇವರೇ ಮತ್ತೊಮ್ಮೆ ಮಾತಾಡಿದರೆ ಕಾಲು ಮಾತ್ರ ಹೋಗುತ್ತದೆ. ಜೀವ ಉಳಿಯುತ್ತದೆ, ಸೊಕ್ಕು ಉಳಿಯುತ್ತದೆ, ಗುರುಸಿದ್ಧನೂ ಉಳಿಯುತ್ತಾನೆ. ಲೆಕ್ಕ ಎಷ್ಟು ಸಲೀಸಾಗಿ ಕೂಡಿಬಂತು! ಇಷ್ಟು ಸಲೀಸಾಗಿ ಕೂಡುವವನು ಹಲಗೆಯ ಯಾವ ಕಡೆಯವನು ಎಂದು ಮಕ್ಕಳು ಹೇಳಬಲ್ಲರು. ‘ಚಾದರ ತಂದೀನಿ ಯಣ್ಣಾ,’ ಎಂದು ಅದನ್ನು ಮಂಚದ ತುದಿಯಲ್ಲಿ, ಆ ಕಾಲಿಗೆ ತಗಲದಂತೆ ಇಟ್ಟು, ‘ಒಂದ ಫೋನ ಮಾಡಿ ಬರತೀನಿ,’ ಎಂದು ಹೊರಗೆ ಬಂದ. ಅದು ಸುಳ್ಳೂ ಆಗಿರಲಿಲ್ಲ.

ನಂಬರು ಕಾಣದಂತೆ ಮಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ, ಬಾಗಿಲಾಚೆ ಬೆಂಚಿನ ಮೇಲೆ ಯಾರಿಗೋ ಕಾಯುತ್ತಿದ್ದ ಅಂಬಾದಾಸ ಎಂಬ ಮುದುಕನನ್ನು, ನನ್ನದರಲ್ಲಿ ಚಾರ್ಜು ಇಲ್ಲ ಕಾಕಾ ಎಂದು ಅಂಗಲಾಚಿ ಅವನ ಫೋನು ಇಸಿದುಕೊಂಡ. ಇಳಿಜಾರಿನ ತಿರುವಿಗೆ, ಗೋಡೆಗೆ ಮುಖ ಮಾಡಿ ನಿಂತ. ಗಂಟಲನ್ನು ಸರಿಮಾಡಿಕೊಳ್ಳುವಾಗ ಒಳಗೆ ಏನೋ ಹಿತವಾಗಿ ಸಡಿಲವಾಯಿತು, ಬೆಳಗಿನಿಂದ ಬಿಗಿಯಾಗಿದ್ದದ್ದು. ಇದೊಂದನ್ನು ಮಾಡುವಾಗ ಮಾತ್ರ ತಾನು ಸುಳ್ಳಲ್ಲ ಎನ್ನಿಸುತ್ತಿತ್ತು ಅವನಿಗೆ. ವಾರ್ಡಿನೊಳಗೆ ಅಣ್ಣನ ಫೋನು ಭಜನೆಯೊಂದನ್ನು ಒದರಿತು, ನಿಂತಿತು.

‘ಅಮೋಗ್ಯಾ.’

ಆ ಕಡೆ ಉಸಿರು. ಗುರುಸಿದ್ಧ ಕೆಮ್ಮಿದ. ಮೌನವನ್ನು ಅಪ್ಪನಷ್ಟೇ ಉದ್ದ ಬಿಟ್ಟ.

‘ಯಪ್ಪಾ,’ ಎಂದ ಅಮೋಗಸಿದ್ಧ. ಡೊಳ್ಳಿನ ಮುಂದಿನ ಜೈಕಾರ ಬಿರುಕುಬಿಟ್ಟ ದನಿಯಲ್ಲಿ ಬಂತು. ‘ಚಾಂಗಭಲಂ ಯಪ್ಪಾ. ಬಂದಿ. ಬರತಿ ಅಂತ ಗೊತ್ತಿತ್ತು.’

‘ಕೆರವು ಬಿಡಂದೆ, ಬಿಟ್ಟಿ. ಈಗ ಕಾಲ ಬೇಡತೀನಿ. ಕೊಡತಿಯೋ ಇಲ್ಲೋ?’

‘ಬ್ಯಾಡ ಅನ್ನಾಂವ ನಾ ಯಾರ ಯಪ್ಪಾ? ಕೊಡತೀನಿ. ಎರಡೂ ಕೊಡತೀನಿ. ನೀ ಮಾತಾಡಕೋತ ಇರು, ಅಷ್ಟ ಸಾಕು.’

ಗುರುಸಿದ್ಧ ಗೋಡೆಗೆ ಇನ್ನಷ್ಟು ಸರಿದ. ನೀ ಮಾತಾಡಕೋತ ಇರು. ಮುಂದಿನ ಮಾತು ಅವನ ಹತ್ತಿರ ಇರಲಿಲ್ಲ, ಅಪ್ಪ ಎಂದೂ ಅಂಥ ಮಾತಿಗೆ ಉತ್ತರ ಕೊಟ್ಟದ್ದನ್ನು ಅವನು ಕೇಳಿರಲಿಲ್ಲ, ಕೇಳದ್ದನ್ನು ಹೇಗೆ ಮಾಡುವುದು? ಅಷ್ಟರಲ್ಲಿ ಕೆಳಗಿನಿಂದ ಚಕ್ರಗಳ ಗಡಗಡ, ಅದರ ಮುಂದೆ ಸಪ್ನಾ ಎಂಬ ಹೆಸರಿನ ಪಟ್ಟಿ ಹಚ್ಚಿಕೊಂಡ ನರ್ಸೊಬ್ಬಳ ಖಡಕ್ ಗಂಟಲು: ‘ಓ ಭಾವೂ! ನಡುದಾರ್ಯಾಗ ನಿಂತ ಏನ್ ಫೋನ್ ಹಚ್ಚೀರಿ? ಸರಕೊಳ್ರಿ, ಸ್ಟ್ರೆಚರ್ ಬರಾಕತ್ತೈತಿ!’

ಆ ಕೂಗು ಬಾಗಿಲಿನಿಂದ ವಾರ್ಡಿನೊಳಗೆ ಹೋಯಿತು. ಅದೇ ಕೂಗು ಗುರುಸಿದ್ಧನ ಕೈಯ ಫೋನಿನಿಂದಲೂ ಹೊರಟು, ಒಂದು ಗಳಿಗೆ ತಡವಾಗಿ, ಅಮೋಗಸಿದ್ಧನ ಕಿವಿಯನ್ನು ಮುಟ್ಟಿರಬೇಕು. ಫೋನಿನಲ್ಲಿ ಉಸಿರು ನಿಂತಿತು. ಆಮೇಲೆ, ತೀರಾ ಮೆಲ್ಲಗೆ, ಅಣ್ಣ ಅಂದ: ‘ಗುರಸಿದ್ದಾ?’

ಸ್ಟ್ರೆಚರ್ ಹಾದುಹೋಯಿತು, ಬಿಳಿ ಬಟ್ಟೆಯ ಕೆಳಗಿನ ಯಾರದೋ ಮೂಗು ಕಂಡಿತು. ಅಂಬಾದಾಸ ಬಂದು ತನ್ನ ಫೋನನ್ನು ಅವನ ಕೈಯಿಂದ ನಯವಾಗಿ ಬಿಡಿಸಿಕೊಂಡ. ಓಡಿಹೋಗಬಹುದಿತ್ತು, ಇಳಿಜಾರು ಕೆಳಗೇ ಹೋಗುತ್ತಿತ್ತು. ಕಾಲುಗಳು ಅವನನ್ನು ಒಳಗೇ ಕರೆದುಕೊಂಡು ಹೋದವು, ಯಾಕೆಂದು ಅವನಿಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ನಿಂತ. ಅಮೋಗಸಿದ್ಧ ಫೋನನ್ನು ಇನ್ನೂ ಕಿವಿಗೆ ಒತ್ತಿಕೊಂಡೇ ಬಾಗಿಲನ್ನು ನೋಡುತ್ತಿದ್ದ. ಹಣಮವ್ವ ಒಮ್ಮೆ ಗಂಡನನ್ನು, ಒಮ್ಮೆ ಮೈದುನನನ್ನು ನೋಡಿ ಏನೂ ತಿಳಿಯದೆ, ‘ಏನಾತು? ಯಾರಂತ ಫೋನ?’ ಎಂದಳು.

‘ಇನ್ನೊಮ್ಮೆ ಅನ್ನು,’ ಎಂದ ಅಣ್ಣ.

‘ಯಣ್ಣಾ...’

‘ಅನ್ನಲೇ. ಇಲ್ಲೆ ಅನ್ನು. ನನ್ನ ಕಣ್ಮುಂದ.’

ಗುರುಸಿದ್ಧ ಅಂದ. ಅನ್ನಬಾರದೆಂದು ಅಂದುಕೊಳ್ಳುತ್ತಿರುವಾಗಲೇ ಅದು ಹೊಟ್ಟೆಯ ತಳದಿಂದ ಎದ್ದು ಬಂತು, ‘ಅಮೋಗ್ಯಾ’, ಕೆಮ್ಮಿನ ಸಮೇತ, ಹಿಂದೆಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ವಾರ್ಡಿನ ಮಂಚಗಳಿಂದ ತಲೆಗಳು ಎದ್ದವು. ಪಕ್ಕದ ಮಂಚದ ಮುದುಕಿಯೊಬ್ಬಳು ಸಲೈನ್ ಚುಚ್ಚಿದ ಕೈಯನ್ನೇ ಎತ್ತಿ ಜೋಡಿಸಿದಳು. ಹಣಮವ್ವನಿಗೆ ಈಗ ತಿಳಿಯಿತು. ಅವಳ ಬಾಯಿ ಸಣ್ಣಗೆ ತೆರೆದುಕೊಂಡಿತು. ‘ನೀ ಏನೋ?’ ಎಂದಳು. ‘ಅವತ್ತೂ ನೀ ಏನೋ? ಮಳಿ ಬಿಸಲಾಗ ಬರಿಗಾಲಲೆ ತಿರಗ್ಯಾನೋ ನಿಮ್ಮಣ್ಣ... ನಾ ದಿನಾ ಆ ಕಾಲ ತೊಳದ ನೀರ ಕಣ್ಣಿಗಿ ಹಚಗೊಂಡೀನೋ, ಭಾಡ್ಯಾ!’ ಬಗ್ಗಿ ಕಾಲಿನ ಚಪ್ಪಲಿಗೆ ಕೈ ಹಾಕಿದಳು. ಗುರುಸಿದ್ಧ ಕದಲಲಿಲ್ಲ. ಅದು ಬೀಳಲಿ ಎಂದು ಅವನು ನಿಜಕ್ಕೂ ಬಯಸಿದ. ಬಿದ್ದರೆ ನೋಯುತ್ತದೆಯೋ ಇಲ್ಲವೋ ಎಂಬುದಾದರೂ ಗೊತ್ತಾಗುತ್ತಿತ್ತು.

ಬೀಳುವ ಮೊದಲೇ ಮಂಚ ಕಿರುಗುಟ್ಟಿತು. ಮೊದಲು ಎಲ್ಲರಿಗೂ ಅದು ಅಳುವೆಂದೇ ಅನ್ನಿಸಿತು, ಯಾಕೆಂದರೆ ಅಮೋಗಸಿದ್ಧ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ, ಭುಜ ಕುಣಿಯುತ್ತಿದ್ದವು. ಅವನು ಕೈ ತೆಗೆದ. ನಗುತ್ತಿದ್ದ. ‘ಕೆಮ್ಮ ಸುದ್ದಾ!’ ಎಂದ, ‘ಅಪ್ಪನ ಕೆಮ್ಮ ಸುದ್ದಾ ತಗದಾನಲೇ ಮಗಾ!’ ಪಟಕ ಕಳಚಿ ಬಿತ್ತು. ‘ಬಿಡ, ಹಣಮವ್ವ, ಅಂವನ್ನ ಬಡೀಬ್ಯಾಡ, ಬಿಡ. ಏ, ನಿನಗ ನೆನಪೈತೇನ? ಆ ಸರಪಂಚ! ಕಟ್ಟಿ ಮ್ಯಾಲ ನನಗ ಕುಂಡರಾಕ ಬಿಡತಿರಲಿಲ್ಲ. ದೇವ್ರ ಮಾತಾಡ್ಯಾನ ಅಂತ ಕೇಳಿ ಅಂವಾ ಬಂದ ಬಿದ್ದನಲ್ಲ, ಇದ ಕಾಲಿಗೆ! ಹಣಿ ಹಚ್ಚಿ ಬಿದ್ದ! ಹುಳಾ ಹಿಡದ ಕಾಲಿಗೆ!’ ಉಸಿರು ಸಿಗದೆ ಕೆಮ್ಮಿದ, ಆ ಕೆಮ್ಮೂ ಅಪ್ಪನದೇ ಆಗಿತ್ತು, ಅದು ತಿಳಿದು ಇನ್ನಷ್ಟು ನಕ್ಕ. ‘ಅವನ ಹೇಣ್ತಿ ಎಣ್ಣಿ ತಂದ ತಿಕ್ಕಿದಳು. ಬೋರಾಮಣಿ ಮಂದಿ ಗಾಡಿ ಮಾಡ್ಕೊಂಡ ಬಂದ್ರು, ಕೂಸ ತಂದ ಈ ಕಾಲಾಗ ಉಳ್ಳಾಡಿಸಿದ್ರು. ನಾನೂ ಕೊಟ್ನೋ ಆಶೀರ್ವಾದಾ! ಗಂಭೀರ ಮಾರಿ ಮಾಡಿ, ಹಿಂಗ ಕೈ ಎತ್ತಿ...’ ಎತ್ತಿದ ಕೈ ಹಾಗೆಯೇ ನಿಂತಿತು. ಆ ಕೈಯನ್ನು ಅವನು ಒಂದು ಕ್ಷಣ ನೋಡಿದ, ಬೇರೆ ಯಾರದೋ ಕೈಯನ್ನು ನೋಡುವಂತೆ. ಅಲ್ಲಿ ನಗು ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಆ ಕ್ಷಣವನ್ನು ದಾಟಿ ಇನ್ನೂ ಎತ್ತರಕ್ಕೆ ಹೋಯಿತು, ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಹರಿಯುತ್ತಿತ್ತು.

ಏನು ಗಲಾಟೆಯೆಂದು ಎಳೆಯ ಡಾಕ್ಟರು ಓಡಿ ಬಂದರು. ‘ಕಾಯ ಝಾಲಂ?’

‘ಕಡೀರಿ ಸಾಹೇಬ್ರ, ಕಡೀರಿ,’ ಎಂದ ಅಮೋಗಸಿದ್ಧ. ‘ತಡ ಮಾಡಬ್ಯಾಡ್ರಿ. ಇದು ದೇವ್ರ ಕಾಲಲ್ಲ. ನನ್ನ ಕಾಲ. ಬರೇ ನಂದು.’

ಡಾಕ್ಟರು ಒಪ್ಪಿಗೆ ಸಿಕ್ಕಿತೆಂದು ತಿಳಿದು ಗುರುಸಿದ್ಧನ ಬೆನ್ನು ತಟ್ಟಿದರು. ‘ಶಾಬ್ಬಾಸ್ ಸರ್. ಕಲತಾವ್ರು ಹೇಳಿದ್ರ ಕೇಳತಾರ.’ ಹಣಮವ್ವ ಚಪ್ಪಲಿಯನ್ನು ನೆಲಕ್ಕಿಟ್ಟು ಅದರೊಳಗೆ ಕಾಲು ತೂರಿಸಲು ಹೋದಳು, ಕಾಲು ಸಿಗಲಿಲ್ಲ, ಬಿಟ್ಟು ಮಂಚದ ಪಕ್ಕ ನಡೆದಳು. ಗುರುಸಿದ್ಧನನ್ನು ಹಾದು ಹೋಗುವಾಗ ಅವಳು ಅವನನ್ನು ನೋಡಲಿಲ್ಲ, ಅಡ್ಡ ನಿಂತ ಕಂಬವನ್ನು ಸುತ್ತಿ ಹೋಗುವಂತೆ ಹೋದಳು. ಅವನು ಒಳಗೆ ಕಿವಿಗೊಟ್ಟ. ಏನಾದರೂ ಆಗುತ್ತಿದೆಯೇ? ಎಲ್ಲೋ ತೀರ ಕೆಳಗೆ ಏನೋ ಅಲುಗಿದಂತಾಯಿತು, ಅದು ಚುಚ್ಚಿದ್ದೋ ಅಥವಾ ಗಂಟಲು ಅಣ್ಣನ ನಗುವಿನ ಏರುವ ದಾರಿಯನ್ನು, ಅದು ಬಿರಿಯುವ ಜಾಗವನ್ನು ಗುರುತುಹಾಕಿಕೊಳ್ಳುತ್ತಿದ್ದದ್ದೋ, ಅವನಿಗೆ ಬೇರ್ಪಡಿಸಲಾಗಲಿಲ್ಲ. ಕಣ್ಣು ಒರೆಸಿ ನೋಡಿಕೊಂಡ. ಒಣಗಿದ್ದವು.

ಸ್ಟ್ರೆಚರಿನ ಮೇಲೆ ಅಮೋಗಸಿದ್ಧನನ್ನು ಎತ್ತಿ ಹಾಕಿದರು. ನಗುವ ರೋಗಿಯನ್ನು ಹೊತ್ತು ಅಭ್ಯಾಸವಿಲ್ಲದ ವಾರ್ಡ್‌ಬಾಯ್‌ಗಳ ಮುಖ ಸಡಿಲವಾಯಿತು, ಒಬ್ಬ ಫಕ್ಕನೆ ನಕ್ಕ. ಸಪ್ನಾ ತುಟಿ ಕಚ್ಚಿಕೊಂಡಳು, ಆಗಲಿಲ್ಲ. ಕೈ ಜೋಡಿಸಿದ್ದ ಮುದುಕಿ ಏನೂ ಅರ್ಥವಾಗದೆ ಬೊಚ್ಚುಬಾಯಿ ತೆರೆದು ನಕ್ಕಳು. ಬೆಂಚಿನ ಮೇಲಿನ ಅಂಬಾದಾಸ, ‘ಕಾಯ ಝಾಲಂ, ಕಾಯ ಝಾಲಂ’ ಎಂದು ಎಲ್ಲರನ್ನೂ ಕೇಳುತ್ತಲೇ ನಕ್ಕ. ಇಳಿಜಾರಿನ ಉದ್ದಕ್ಕೂ ಗೋಡೆಗೆ ಒರಗಿ ಕಾಯುತ್ತಿದ್ದವರು ತಿರುಗಿ ನೋಡಿದರು, ಅವರಿಗೂ ಅದು ತಗಲಿತು. ಅಷ್ಟೂ ನಗುವಿನ ಮೇಲೆ ಅಮೋಗಸಿದ್ಧನದೊಂದೇ ಬೇರೆಯಾಗಿ ಕೇಳುತ್ತಿತ್ತು, ಮಾಳದ ಆ ದಂಡೆಯ ಕುರಿಗಳನ್ನು ಕೂಗಿ ತಿರುಗಿಸುವವನ ಗಂಟಲು ಅದು. ‘ಬಿದ್ದ್ರೋ, ಎಲ್ಲಾರೂ ಬಿದ್ದ್ರೋ ಕಾಲಿಗೆ!’ ಎಂದು ಕೂಗಿ ನಗುತ್ತ ಅವನು ತಿರುವು ದಾಟಿದ. ಆಪರೇಷನ್ ಕೋಣೆಯ ಎರಡೂ ಬಾಗಿಲು ಬಡಿದುಕೊಂಡು ಮುಚ್ಚಿದ ಮೇಲೂ, ಹೊರಗಿನವರ ನಗುವೆಲ್ಲ ಇಳಿದು ಹೋದ ಮೇಲೂ, ಒಳಗಿನಿಂದ ಅದು ಬರುತ್ತಲೇ ಇತ್ತು.